ಮತ ಹಾಕಿ ಕೊಂಡ ಅಗ್ನಿಶಾಮಕ ಠಾಣೆ: ಸ್ಯಾನ್ ಫ್ರಾನ್ಸಿಸ್ಕೋದ ಭೂಕಂಪ ಸುರಕ್ಷತಾ ಬಾಂಡ್‌ಗಳ ಒಂದು ವಿಮರ್ಶೆ

ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಹಳೆಯ ಅಗ್ನಿಶಾಮಕ ಠಾಣೆಯನ್ನು ಕೆಡವಿ ಹೊಸದನ್ನು ಕಟ್ಟುವಂಥ ದೊಡ್ಡ ಖರ್ಚು ಬಂದಾಗ, ನಗರಾಡಳಿತವು ಊರಿನ ಮತದಾರರನ್ನೇ ಕೇಳಿ, ಅವರ ಒಪ್ಪಿಗೆ ಪಡೆದು ಸಾಲ ಎತ್ತುತ್ತದೆ. ಈ ಸಾಲಕ್ಕೆ ಇಲ್ಲಿ ಬಾಂಡ್ ಎಂದು ಹೆಸರು. ಅಸಲು ಮತ್ತು ಬಡ್ಡಿಯನ್ನು ಊರಿನವರು ಆಸ್ತಿ ತೆರಿಗೆಯ ಮೂಲಕ ವರ್ಷವರ್ಷವೂ ತೀರಿಸುತ್ತಾರೆ. 'ಭೂಕಂಪ ಸುರಕ್ಷತೆ ಮತ್ತು ತುರ್ತು ಸ್ಪಂದನ ಬಾಂಡ್' ಎಂಬ ಒಂದೇ ಹೆಸರಿನಲ್ಲಿ 2010ರ ಜೂನ್ 8ರಂದು, 2014ರ ಜೂನ್ 3ರಂದು ಮತ್ತು 2020ರ ಮಾರ್ಚ್ 3ರಂದು ಹೀಗೆ ಮೂರು ಬಾರಿ ಮತ ಕೇಳಲಾಯಿತು. ಮೊದಲ ಎರಡು ಬಾರಿ ನಾನು ಈ ಊರಿನಲ್ಲಿ ಬಾಡಿಗೆ ಕಟ್ಟುತ್ತಿದ್ದೆನಾದರೂ ಪೌರತ್ವವಿಲ್ಲದ ಕಾರಣ ಮತ ಹಾಕುವಂತಿರಲಿಲ್ಲ. ಮೂರನೆಯ ಬಾರಿ ಮತ ಹಾಕಿದೆ, ಒಪ್ಪಿಗೆಯನ್ನೇ ಕೊಟ್ಟೆ. ಅಂಗಡಿಯಲ್ಲಿ ಕೊಂಡ ಮಿಕ್ಸಿಯ ಬಗ್ಗೆ, ಊಟ ಮಾಡಿದ ಹೋಟೆಲಿನ ಬಗ್ಗೆ ಅಭಿಪ್ರಾಯ ಬರೆಯುವ ನಾವು, ಹಲವು ದಶಕ ಬಾಳಬೇಕಾದ ಇಂಥದೊಂದು ಕೊಳ್ಳುವಿಕೆಯ ಬಗ್ಗೆ ಬರೆಯದಿರುವುದು ಸರಿಯಲ್ಲವೆಂದು ನನಗೆ ಅನ್ನಿಸಿದ್ದರಿಂದ, ಏನು ಕೊಳ್ಳಲು ಹೇಳಿದರು, ಎಷ್ಟು ತೆತ್ತೆವು, ಕೈಗೆ ಏನು ಬಂತು ಎಂಬುದನ್ನು ಗ್ರಾಹಕನ ಸ್ಥಾನದಲ್ಲಿ ನಿಂತು ಇಲ್ಲಿ ಪರಿಶೀಲಿಸಿದ್ದೇನೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಹಣದಿಂದ ಎದ್ದ ಠಾಣೆಗಳು ಕೊಟ್ಟ ಬೆಲೆಗೆ ತಕ್ಕವು. ಆದರೆ ಯಾವ ಠಾಣೆಗೆಂದು ಮತ ಹಾಕುತ್ತಿದ್ದೇವೆ ಎಂಬುದನ್ನು ಮತಪತ್ರ ಹೇಳುವುದಿಲ್ಲ. ನನ್ನ ದೃಷ್ಟಿಯಲ್ಲಿ ಇದು ಸಣ್ಣ ಕೊರತೆಯಲ್ಲ.

ಅಗ್ನಿಶಾಮಕ ಠಾಣೆ ಹಳೆಯದಾದರೇನಂತೆ, ಸುಣ್ಣ ಬಣ್ಣ ಬಳಿದು ನಡೆಸಬಾರದೇ ಎಂದು ಕೇಳುವವರು ಇಲ್ಲಿಯೂ ಇದ್ದಾರೆ. ಅವರಿಗೆ ಈ ಊರಿನ ಇತಿಹಾಸವೇ ಉತ್ತರ ಕೊಡುತ್ತದೆ. 1906ರ ಏಪ್ರಿಲ್ 18ರ ಬೆಳಗಿನ ಜಾವ 5 ಗಂಟೆ 12 ನಿಮಿಷಕ್ಕೆ ಭೂಮಿ ನಡುಗಿದಾಗ, ಅಗ್ನಿಶಾಮಕ ದಳದ ಮುಖ್ಯಾಧಿಕಾರಿ ಡೆನಿಸ್ ಸಲಿವನ್ ಬುಷ್ ಸ್ಟ್ರೀಟ್‌ನ ಠಾಣೆಯಲ್ಲಿಯೇ ಮಲಗಿದ್ದರು. ಅವರ ವಾಸವೂ ಆ ಠಾಣೆಯಲ್ಲಿಯೇ ಇತ್ತು. ಪಕ್ಕದ ಕ್ಯಾಲಿಫೋರ್ನಿಯಾ ಹೋಟೆಲಿನ ಮೇಲ್ಭಾಗ ಕಳಚಿ, ಠಾಣೆಯ ಮಾಡನ್ನು ಒಡೆದುಕೊಂಡು ಒಳಗೆ ಬಿತ್ತು. ತೀವ್ರವಾಗಿ ಗಾಯಗೊಂಡ ಸಲಿವನ್ ನಾಲ್ಕು ದಿನಗಳ ಬಳಿಕ, ಏಪ್ರಿಲ್ 22ರಂದು, ತೀರಿಕೊಂಡರು. ಊರು ಹೊತ್ತಿ ಉರಿಯುತ್ತಿದ್ದ ಮೂರು ದಿನವೂ, ಬೆಂಕಿಯನ್ನು ಹೇಗೆ ತಡೆಯಬೇಕೆಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಮನುಷ್ಯ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ನೆಲದಡಿಯ ನೀರಿನ ಕೊಳವೆಗಳು ಒಡೆದುಹೋಗಿದ್ದವು. ಇಪ್ಪತ್ತೆಂಟು ಸಾವಿರಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು, ಸತ್ತವರ ಸಂಖ್ಯೆ ಸುಮಾರು ಮೂರು ಸಾವಿರ ಎಂದು ಇಂದು ಅಂದಾಜಿಸುತ್ತಾರೆ. ಕಾಪಾಡಬೇಕಾದ ಠಾಣೆಯೇ ಮೊದಲು ಕುಸಿದರೆ ಏನಾಗುತ್ತದೆ ಎಂಬುದನ್ನು ಈ ಊರು ಇಷ್ಟು ದುಬಾರಿಯಾಗಿ ಕಲಿತಿದೆ.

ಕಟ್ಟಡ ಪೂರ್ತಿ ಬೀಳಬೇಕೆಂದೇನೂ ಇಲ್ಲ. ಫೈರ್ ಇಂಜಿನ್ ಹೊರಬರುವ ದೊಡ್ಡ ಬಾಗಿಲಿನ ಚೌಕಟ್ಟು ಒಂದೆರಡು ಅಂಗುಲ ವಾಲಿದರೂ ಸಾಕು, ಬಾಗಿಲು ಕಚ್ಚಿಕೊಂಡು ವಾಹನ ಒಳಗೇ ಉಳಿದುಬಿಡುತ್ತದೆ. ನೆಲಮಹಡಿಯ ಮುಂಭಾಗದಲ್ಲಿ ಗೋಡೆಯೇ ಇಲ್ಲದೆ ಅಗಲವಾದ ಬಾಗಿಲುಗಳಷ್ಟೇ ಇರುವುದರಿಂದ, ಹಳೆಯ ಠಾಣೆಗಳು ರಚನೆಯಲ್ಲಿಯೇ ಭೂಕಂಪಕ್ಕೆ ದುರ್ಬಲ. ಮೇಲಿನ ಮಹಡಿಯ ಭಾರ ಹೊರಲು ಕೆಳಗೆ ಅಡ್ಡಗೋಡೆಗಳ ಆಸರೆ ಸಾಲುವುದಿಲ್ಲ. ಅಗ್ನಿಶಾಮಕ ಠಾಣೆ, ಪೊಲೀಸ್ ಠಾಣೆಗಳಂಥ ಅಗತ್ಯ ಸೇವೆಯ ಕಟ್ಟಡಗಳು ಭೂಕಂಪದ ನಂತರವೂ ಕೆಲಸ ಮಾಡುವ ಸ್ಥಿತಿಯಲ್ಲಿರಬೇಕೆಂದು ಕ್ಯಾಲಿಫೋರ್ನಿಯಾ ರಾಜ್ಯ 1986ರಲ್ಲಿ ಕಾಯಿದೆ ಮಾಡಿತು. ಅದಕ್ಕೂ ಮೊದಲು ಕಟ್ಟಿದ ಠಾಣೆಗಳಿಗೆ ಆ ಮಾನದಂಡದ ಬಲ ಸಿಕ್ಕಿರಲಿಲ್ಲ, ಸ್ಯಾನ್ ಫ್ರಾನ್ಸಿಸ್ಕೋದ ಠಾಣೆಗಳಲ್ಲಿ ಹೆಚ್ಚಿನವು ಅಂಥವೇ.

ಬೇರೆ ಕಾರಣಗಳೂ ಇವೆ. ಹಳೆಯ ಠಾಣೆಗಳನ್ನು ಗಂಡಸರು ಮಾತ್ರ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಕಟ್ಟಿದ್ದರು. ಈ ದಳಕ್ಕೆ ಮೊದಲ ಮಹಿಳೆಯರು ಸೇರಿದ್ದು 1987ರಲ್ಲಿ, ಅವರಿಗೆ ಬೇಕಾದ ಬಚ್ಚಲು, ಮಲಗುವ ಕೋಣೆಗಳನ್ನು ಇದ್ದ ಜಾಗದಲ್ಲಿಯೇ ಹೇಗೋ ಹೊಂದಿಸಬೇಕಾಯಿತು. ಇನ್ನು ಬೆಂಕಿ ಆರಿಸಿ ಬಂದವರ ಕೋಟು, ಬೂಟುಗಳಿಗೆ ಅಂಟಿದ ಮಸಿಯ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಮನುಷ್ಯರಿಗೆ ಕ್ಯಾನ್ಸರ್ ತರುವ ಕಾರಣಗಳ ಮೊದಲ ವರ್ಗಕ್ಕೆ ಸೇರಿಸಿತು. ಆದ್ದರಿಂದ ಈಗಿನ ಠಾಣೆಗಳಲ್ಲಿ ಆ ಉಡುಪು ಕಳಚಿಡುವ, ತೊಳೆಯುವ ಕೋಣೆಯನ್ನು ಅಡುಗೆಮನೆ ಮತ್ತು ಮಲಗುವ ಕೋಣೆಗಳಿಂದ ಪೂರ್ತಿ ಬೇರ್ಪಡಿಸುತ್ತಾರೆ, ಡೀಸೆಲ್ ಹೊಗೆ ಮೇಲಕ್ಕೆ ಹೋಗದಂತೆ ನೋಡಿಕೊಳ್ಳುತ್ತಾರೆ. ಹೊರಗಿನಿಂದ ಬಂದವರು ಕೈಕಾಲು ತೊಳೆದೇ ಒಳಗೆ ಬರಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ನನಗೆ ಇಲ್ಲಿ ನೆನಪಾಗುತ್ತದೆ. ಇಪ್ಪತ್ತನಾಲ್ಕು ಗಂಟೆ ಠಾಣೆಯಲ್ಲಿಯೇ ಉಂಡು ಮಲಗುವವರಿಗೆ ಇಷ್ಟು ಸೌಕರ್ಯ ಮಾಡಿಕೊಡುವುದನ್ನು ಐಷಾರಾಮ ಎಂದು ಕರೆಯುವವರ ಮಾತನ್ನು ನಾನು ಒಪ್ಪುವುದಿಲ್ಲ.

ಊರಿನವರನ್ನು ಕೇಳಿ ಸಾಲ ಎತ್ತುವ ಪದ್ಧತಿ ಇಲ್ಲಿ ಹೊಸತಲ್ಲ. 1906ರ ಬೆಂಕಿಯ ನಂತರ, 1908ರಲ್ಲಿ, ಮತದಾರರು 52 ಲಕ್ಷ ಡಾಲರ್‌ಗಳ ಬಾಂಡ್ ಒಪ್ಪಿಕೊಂಡರು. ಆ ಹಣದಿಂದ ಕುಡಿಯುವ ನೀರಿನ ಜಾಲಕ್ಕೆ ಸಂಬಂಧವಿಲ್ಲದಂತೆ, ಬೆಂಕಿ ಆರಿಸುವುದಕ್ಕೆಂದೇ ಮೀಸಲಾದ ಇನ್ನೊಂದು ನೀರಿನ ಜಾಲ 1913ರ ಹೊತ್ತಿಗೆ ಸಿದ್ಧವಾಯಿತು. ಇಂಥದೊಂದು ವ್ಯವಸ್ಥೆ ಬೇಕೆಂದು ಭೂಕಂಪಕ್ಕೂ ಮೊದಲೇ ಕೇಳುತ್ತಿದ್ದವರು ಅದೇ ಡೆನಿಸ್ ಸಲಿವನ್. ಗುಡ್ಡದ ಮೇಲಿನ ಜಲಾಶಯದಿಂದ ಇಳಿಯುವ ಆ ನೀರು, ಅಗತ್ಯ ಬಿದ್ದರೆ ಸಮುದ್ರದ ಉಪ್ಪುನೀರು, ಜೊತೆಗೆ ರಸ್ತೆಗಳ ಅಡಿಯ ತೊಟ್ಟಿಗಳು, ಇವೆಲ್ಲ ಇಂದಿಗೂ ಬಳಕೆಯಲ್ಲಿವೆ. ಇಲ್ಲಿಗೆ ಬಂದ ಹೊಸತರಲ್ಲಿ ನಾನು ಅಡ್ಡರಸ್ತೆಗಳು ಕೂಡುವಲ್ಲಿ ಡಾಂಬರಿನ ನಡುವೆ ಇಟ್ಟಿಗೆಯಿಂದ ಬಿಡಿಸಿದ ದೊಡ್ಡ ವೃತ್ತಗಳನ್ನು ನೋಡಿ, ಅದೇನೋ ಅಲಂಕಾರವೆಂದು ತಿಳಿದಿದ್ದೆ. ಆ ವೃತ್ತ ಅಡಿಯ ತೊಟ್ಟಿಯ ಅಂಚನ್ನು ತೋರಿಸುವ ಗುರುತು, ಅದರ ನಡುವಿನ ಕಬ್ಬಿಣದ ಮುಚ್ಚಳ ತೆಗೆದು ಇಂಜಿನ್ನಿನ ಕೊಳವೆಯನ್ನು ಒಳಗೆ ಇಳಿಸುತ್ತಾರೆ. ಇದು ತಿಳಿದ ಮೇಲೆ ಅಂಥ ವೃತ್ತವನ್ನು ದಾಟುವಾಗಲೆಲ್ಲ, ನೂರು ವರ್ಷದ ಹಿಂದಿನ ಯಾರದೋ ಮತವನ್ನು ತುಳಿದು ಹೋಗುತ್ತಿದ್ದೇನೆ ಅನ್ನಿಸುತ್ತದೆ.

ಈಗ ಖರೀದಿಯ ವಿವರಕ್ಕೆ ಬರುತ್ತೇನೆ. 2010ರ ಬಾಂಡ್ 41 ಕೋಟಿ 23 ಲಕ್ಷ ಡಾಲರ್‌ಗಳದು. 2014ರದು 40 ಕೋಟಿ, 2020ರದು 62 ಕೋಟಿ 85 ಲಕ್ಷ. ಇಂಥ ಬಾಂಡ್‌ಗೆ ಕ್ಯಾಲಿಫೋರ್ನಿಯಾದಲ್ಲಿ ಸರಳ ಬಹುಮತ ಸಾಲದು, ಬಿದ್ದ ಮತಗಳಲ್ಲಿ ಮೂರನೇ ಎರಡು ಪಾಲು ಒಪ್ಪಿಗೆಯ ಮತಗಳಾಗಿರಬೇಕು. ಈ ನಿಯಮ 1879ರ ರಾಜ್ಯ ಸಂವಿಧಾನದಿಂದ ಬಂದದ್ದು. ಅದನ್ನು ಶೇಕಡ 55ಕ್ಕೆ ಇಳಿಸಬೇಕೆಂಬ ಪ್ರಸ್ತಾವವನ್ನು ರಾಜ್ಯದ ಮತದಾರರು 2024ರ ನವೆಂಬರಿನಲ್ಲಿ ತಿರಸ್ಕರಿಸಿದರು. ಸ್ಯಾನ್ ಫ್ರಾನ್ಸಿಸ್ಕೋದ ಮೂರೂ ಬಾಂಡ್‌ಗಳು ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಮತ ಪಡೆದು ಸುಲಭವಾಗಿ ಗೆದ್ದವು. ಪಕ್ಷಭೇದ, ಬಡಾವಣೆಯ ಭೇದವಿಲ್ಲದೆ ಊರು ಹೀಗೆ ಒಂದಾಗಿ ಒಪ್ಪುವ ವಿಷಯಗಳು ತೀರ ಕಡಿಮೆ.

ಮಾರಾಟದ ದಾಖಲೆ ಎಂದರೆ, ಮತದಾನಕ್ಕೆ ಕೆಲವು ವಾರ ಮೊದಲು ಮನೆಮನೆಗೆ ಅಂಚೆಯಲ್ಲಿ ಬರುವ ಮತದಾರರ ಮಾಹಿತಿ ಪುಸ್ತಿಕೆ. ಈ ಪುಸ್ತಿಕೆಯ ಬಗ್ಗೆ ನನಗೆ ನಿಜವಾದ ಗೌರವವಿದೆ. ಪ್ರತಿಯೊಂದು ಪ್ರಸ್ತಾವಕ್ಕೂ ಈಗ ಏನಿದೆ, ಏನು ಬದಲಾಗಲಿದೆ, ಹೌದು ಎಂದು ಮತ ಹಾಕಿದರೆ ಅದರ ಅರ್ಥವೇನು, ಇಲ್ಲ ಎಂದರೆ ಅರ್ಥವೇನು ಎಂಬ ನಾಲ್ಕು ಭಾಗಗಳ ವಿವರಣೆ ಇರುತ್ತದೆ. ಇದನ್ನು ಬರೆಯಲೆಂದೇ ಒಂದು ಪುಟ್ಟ ಸಮಿತಿ ಇದೆ, ಎಂಟನೇ ತರಗತಿ ಓದಿದವರಿಗೆ ಅರ್ಥವಾಗುವಂತಿರಬೇಕು ಎಂಬುದು ಅದರ ಕಟ್ಟುಪಾಡು, ಮತ್ತು ಅದರ ಸಭೆಗಳು ಬಹಿರಂಗವಾಗಿಯೇ ನಡೆಯುತ್ತವೆ. ಅದರ ಪಕ್ಕದಲ್ಲಿ ನಗರದ ಲೆಕ್ಕಾಧಿಕಾರಿಯ ಹೇಳಿಕೆ ಇರುತ್ತದೆ: ಬಡ್ಡಿ ಸೇರಿ ಒಟ್ಟು ಎಷ್ಟು ತೀರಿಸಬೇಕಾಗಬಹುದು, ಆಸ್ತಿಯ ಮೌಲ್ಯಕ್ಕೆ ಅನುಗುಣವಾಗಿ ಮನೆಯೊಡೆಯರಿಗೆ ವರ್ಷಕ್ಕೆ ಎಷ್ಟು ಬೀಳುತ್ತದೆ ಎಂದು. ನಂತರ ಪರ ಮತ್ತು ವಿರೋಧ ವಾದಗಳು. ಪದಕ್ಕೆ ಇಷ್ಟೆಂದು ಶುಲ್ಕ ಕಟ್ಟಿದರೆ ಸಾಮಾನ್ಯ ನಾಗರಿಕರೂ ತಮ್ಮ ವಾದವನ್ನು ಅಚ್ಚು ಹಾಕಿಸಬಹುದು, ಅದಕ್ಕೆ ಹಣ ಕೊಟ್ಟವರು ಯಾರೆಂಬುದನ್ನೂ ಕೆಳಗೆ ಮುದ್ರಿಸುತ್ತಾರೆ. 2020ರಲ್ಲಿ ನಾನು ಈ ಪುಸ್ತಿಕೆಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಎರಡು ಸಂಜೆ ಓದಿದೆ. ತೆಳು ಕಾಗದ, ಒತ್ತೊತ್ತಾದ ಅಕ್ಷರ, ಆದರೆ ಮುಚ್ಚುಮರೆಯ ಭಾಷೆ ಅಲ್ಲ. ನಾನು ಕೊಂಡ ಯಾವ ವಿಮೆಯ ಪತ್ರವೂ ಇಷ್ಟು ಸರಳವಾಗಿ ತನ್ನ ಷರತ್ತುಗಳನ್ನು ಹೇಳಿಲ್ಲ.

ಹಾಗಿದ್ದರೂ, ಠಾಣೆಯ ಹೆಸರು ಹುಡುಕಿದರೆ ಸಿಗಲಿಲ್ಲ. ಭೂಕಂಪಕ್ಕೆ ಸಂಬಂಧಿಸಿದ ನೀರಿನ ತೊಟ್ಟಿಗಳು, ಕೊಳವೆಗಳು, ನೆರೆಹೊರೆಯ ಅಗ್ನಿಶಾಮಕ ಮತ್ತು ಪೊಲೀಸ್ ಠಾಣೆಗಳು, ತುರ್ತು ಕರೆ ಕೇಂದ್ರ, ಇವನ್ನು ಉತ್ತಮಪಡಿಸುವುದು, ನಿರ್ಮಿಸುವುದು ಮತ್ತು ಅಥವಾ ಬದಲಿಸುವುದು ಎಂಬ ಅರ್ಥದ ಮಾತು ಮಾತ್ರ ಅಲ್ಲಿತ್ತು. ಆ 'ಮತ್ತು ಅಥವಾ' ಎಂಬುದರ ಮೇಲೆ ನನ್ನ ಕಣ್ಣು ಬಹಳ ಹೊತ್ತು ನಿಂತಿತು. ಬಾಗಿಲಿಗೆ ಹೊಸ ಮೋಟಾರು ಹಾಕಿದರೂ ಉತ್ತಮಪಡಿಸಿದಂತೆ, ಪೂರ್ತಿ ಕೆಡವಿ ಕಟ್ಟಿದರೂ ಬದಲಿಸಿದಂತೆ. ಎರಡಕ್ಕೂ ಒಂದೇ ಮತ ಸಾಕು. ನಲವತ್ತಕ್ಕೂ ಹೆಚ್ಚು ಠಾಣೆಗಳಿರುವ ಊರಿನಲ್ಲಿ, ಮತದಾರ ತನ್ನ ಬೀದಿಯ ಠಾಣೆಗೆ ಯಾವುದು ದಕ್ಕುತ್ತದೆ ಎಂದು ಈ ವಾಕ್ಯದಿಂದ ತಿಳಿಯಲಾರ.

ಮೊತ್ತದ ಹಂಚಿಕೆಯನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. 2010ರ ಬಾಂಡಿನ ಪ್ರಚಾರದಲ್ಲಿ ಫೈರ್ ಇಂಜಿನ್ನಿನ ಚಿತ್ರವೇ ಕಣ್ಣಿಗೆ ಕಟ್ಟುವಂತಿದ್ದರೂ, ಹಣದ ದೊಡ್ಡ ಪಾಲು ಮಿಷನ್ ಬೇ ಪ್ರದೇಶದಲ್ಲಿ ಪೊಲೀಸ್ ಕೇಂದ್ರ ಕಚೇರಿ ಮತ್ತು 4ನೇ ನಂಬರಿನ ಅಗ್ನಿಶಾಮಕ ಠಾಣೆಯನ್ನು ಒಳಗೊಂಡ ಸಾರ್ವಜನಿಕ ಸುರಕ್ಷತಾ ಕಟ್ಟಡಕ್ಕೆ ಹೋಯಿತು. ಬೆಂಕಿ ಆರಿಸುವ ನೀರಿನ ಜಾಲಕ್ಕೆ ಸುಮಾರು 10 ಕೋಟಿ ಡಾಲರ್ ಸಿಕ್ಕಿತು. ನೆರೆಹೊರೆಯ ಅಗ್ನಿಶಾಮಕ ಠಾಣೆಗಳೆಲ್ಲಕ್ಕೂ ಸೇರಿ ಉಳಿದದ್ದು ಸುಮಾರು 6 ಕೋಟಿ 40 ಲಕ್ಷ. 2014ರ 40 ಕೋಟಿಯಲ್ಲಿ ಠಾಣೆಗಳ ಪಾಲು ಸುಮಾರು 8 ಕೋಟಿ 50 ಲಕ್ಷ, ಆ ಬಾರಿ ಅತಿ ದೊಡ್ಡ ಪಾಲು ಪೊಲೀಸರ ಸಂಚಾರ ವಿಭಾಗ ಮತ್ತು ವಿಧಿವಿಜ್ಞಾನ ವಿಭಾಗಗಳ ಹೊಸ ಕಟ್ಟಡಕ್ಕೆ. 2020ರಲ್ಲಿ ಅಗ್ನಿಶಾಮಕ ಸೌಲಭ್ಯಗಳಿಗೆಂದು 27 ಕೋಟಿ 50 ಲಕ್ಷ ತೆಗೆದಿಟ್ಟರು. ಅದನ್ನು ಓದಿ ನನಗೆ ಸಂತೋಷವಾಗಿತ್ತು. ಆದರೆ ಟ್ರೆಷರ್ ಐಲೆಂಡಿನಲ್ಲಿದ್ದ ತರಬೇತಿ ಕೇಂದ್ರವನ್ನು, ಆ ದ್ವೀಪದ ಮರುಅಭಿವೃದ್ಧಿಯ ಕಾರಣ, ತೆರವು ಮಾಡಲೇಬೇಕಿತ್ತು, ಬೇವ್ಯೂ ಪ್ರದೇಶದಲ್ಲಿ ಹೊಸ ತರಬೇತಿ ಕೇಂದ್ರ ಕಟ್ಟುವ ಹೊರೆಯೂ ಇದೇ ಬಾಬ್ತಿನ ಮೇಲೆ ಬಿತ್ತು. ತರಬೇತಿ ಇಲ್ಲದೆ ದಳವಿಲ್ಲ, ಆ ಖರ್ಚನ್ನು ನಾನು ತಪ್ಪೆನ್ನಲಾರೆ. ನಮ್ಮ ಬಡಾವಣೆಯ ಠಾಣೆಗೆಂದು ಹೌದು ಎಂದವರು, ತಾವು ಬಹುಪಾಲು ತರಬೇತಿ ಕೇಂದ್ರಕ್ಕೆ ಹೌದು ಎಂದಿದ್ದೇವೆಂದು ಮತಗಟ್ಟೆಯಲ್ಲಿಯೇ ತಿಳಿದಿರಬೇಕಿತ್ತು ಎಂಬುದಷ್ಟೇ ನನ್ನ ವಾದ.

ಇನ್ನು ಕೈಗೆ ಬಂದ ವಸ್ತು. ಈ ಬಾಂಡ್‌ಗಳ ಹಣದಿಂದ ಆದ ಕೆಲಸಗಳಲ್ಲಿ ನನ್ನ ಮನಸ್ಸು ಗೆದ್ದದ್ದು 35ನೇ ನಂಬರಿನ ಠಾಣೆ. ಬೇ ಬ್ರಿಡ್ಜಿನ ಸಮೀಪ, ಎಂಬಾರ್ಕಡೆರೊ ರಸ್ತೆಯ ಅಂಚಿನಲ್ಲಿ, ಇಪ್ಪತ್ತೆರಡೂವರೆ ಎಂಬ ವಿಚಿತ್ರ ನಂಬರಿನ ಹಡಗುಕಟ್ಟೆಯ ಬಳಿ ಇರುವ ಈ ಠಾಣೆ ಅಗ್ನಿಶಾಮಕ ದೋಣಿಗಳ ನೆಲೆ. ರಸ್ತೆಯ ಬದಿಗೆ 1915ರ ಹಳೆಯ ಕಟ್ಟಡ ಹಾಗೆಯೇ ಉಳಿದಿದೆ. ಅದರ ಹಿಂದೆ, ನೀರಿನ ಮೇಲೆ, ಸುಮಾರು 173 ಅಡಿ ಉದ್ದ, 96 ಅಡಿ ಅಗಲದ ಉಕ್ಕಿನ ತೇಲುವ ವೇದಿಕೆಯೊಂದರ ಮೇಲೆ ಎರಡು ಮಹಡಿಯ ಹೊಸ ಠಾಣೆ ನಿಂತಿದೆ. ವೇದಿಕೆಯನ್ನು ಚೀನಾದಲ್ಲಿ ತಯಾರಿಸಿ ಹಡಗಿನಲ್ಲಿ ತಂದು, ಟ್ರೆಷರ್ ಐಲೆಂಡಿನ ಬಳಿ ಮೇಲಿನ ಕಟ್ಟಡ ಕಟ್ಟಿ, 2020ರ ಡಿಸೆಂಬರಿನಲ್ಲಿ ದೋಣಿಗಳಿಂದ ಎಳೆದು ತಂದು ಇಲ್ಲಿ ನಿಲ್ಲಿಸಿದರು. 2022ರಲ್ಲಿ ಠಾಣೆ ಕೆಲಸ ಆರಂಭಿಸಿತು. ತಗುಲಿದ ವೆಚ್ಚ ಸುಮಾರು 5 ಕೋಟಿ ಡಾಲರ್.

ನೀರಿನ ತಳಕ್ಕೆ ಹೂತ ಕಂಬಗಳು ವೇದಿಕೆಯನ್ನು ಪಕ್ಕಕ್ಕೆ ಸರಿಯದಂತೆ ಹಿಡಿದಿವೆ, ಆದರೆ ಮೇಲೆ ಕೆಳಗೆ ಚಲಿಸಲು ಬಿಟ್ಟಿವೆ. ಉಬ್ಬರದಲ್ಲಿ ಇಡೀ ಠಾಣೆ ಏರುತ್ತದೆ, ಇಳಿತದಲ್ಲಿ ಇಳಿಯುತ್ತದೆ. ನಾನು ಒಂದು ಭಾನುವಾರ ಬೆಳಿಗ್ಗೆ ಅಲ್ಲಿಯ ಕಟಕಟೆಗೆ ಒರಗಿ ನಿಂತು ನೋಡಿದೆ, ಮಧ್ಯಾಹ್ನ ಊಟ ಮುಗಿಸಿ ಅದೇ ಜಾಗಕ್ಕೆ ಮತ್ತೆ ಬಂದು ನೋಡಿದೆ. ದಡದಿಂದ ಠಾಣೆಗೆ ಹೋಗುವ ಕಾಲುಸೇತುವೆಯ ಇಳಿಜಾರು ಬೆಳಿಗ್ಗೆ ಕಂಡದ್ದಕ್ಕಿಂತ ಎದ್ದು ಕಾಣುವಷ್ಟು ಕಡಿದಾಗಿತ್ತು. ಕಟ್ಟಡ ಮಾತ್ರ ಅಲುಗಿದಂತೆ ತೋರಲಿಲ್ಲ. ಭೂಮಿ ನಡುಗಿದರೆ ನಡುಗುವ ನೆಲದ ಮೇಲೆ ಅದು ಇಲ್ಲ, ಸಮುದ್ರದ ಮಟ್ಟ ಏರುತ್ತ ಹೋದರೆ ಅದೂ ಜೊತೆಗೆ ಏರುತ್ತದೆ. ದೋಣಿ ಕಟ್ಟುವ ಕಟ್ಟೆಗೂ ದೋಣಿಗೂ ನಡುವಿನ ಎತ್ತರ ಯಾವ ಹೊತ್ತಿನಲ್ಲೂ ಒಂದೇ ಆಗಿರುವುದರಿಂದ, ನಡುರಾತ್ರಿ ಕರೆ ಬಂದಾಗ ಸಿಬ್ಬಂದಿ ಏಣಿ ಹುಡುಕಬೇಕಾಗಿಲ್ಲ.

ದೋಣಿಗೆ ಇಷ್ಟು ಖರ್ಚೇಕೆ ಎಂದು ನನ್ನ ಪರಿಚಯದ ಒಬ್ಬರು ಕೇಳಿದ್ದರು. 1989ರ ಅಕ್ಟೋಬರ್ 17ರ ಸಂಜೆ ಲೋಮ ಪ್ರಿಯೆಟ ಭೂಕಂಪವಾದಾಗ, ಮರೀನಾ ಬಡಾವಣೆಯಲ್ಲಿ ಬೆಂಕಿ ಎದ್ದಿತ್ತು ಮತ್ತು ಅಲ್ಲಿಯ ನೆಲದಡಿಯ ಕೊಳವೆಗಳು ಒಡೆದು, ಬೆಂಕಿ ಆರಿಸಲು ನೀರು ಕೊಡುವ ರಸ್ತೆಬದಿಯ ಹೈಡ್ರಂಟ್‌ಗಳು ಒಣಗಿದ್ದವು. 1906ರದೇ ಕಥೆ ಮರುಕಳಿಸುವ ಹೊತ್ತಿನಲ್ಲಿ ಫೀನಿಕ್ಸ್ ಎಂಬ ಅಗ್ನಿಶಾಮಕ ದೋಣಿ ದಡಕ್ಕೆ ಬಂದು, ಸಮುದ್ರದ ನೀರನ್ನು ಎತ್ತಿ, ಬೀದಿಗಳುದ್ದಕ್ಕೂ ಹಾಸಿದ ದಪ್ಪ ಕೊಳವೆಗಳಿಗೆ ಗಂಟೆಗಟ್ಟಲೆ ಹಾಯಿಸಿತು. ಬೆಂಕಿ ಹರಡದೆ ನಿಂತಿತು. ಆಗ ಊರಿನ ಬಳಿ ಇದ್ದದ್ದು ಆ ಒಂದೇ ದೋಣಿ. ಅದಾದ ಮರುವರ್ಷ, ಹೆಸರು ಹೇಳಬಯಸದ ದಾನಿಯೊಬ್ಬರು ಕೊಟ್ಟ ಹಣದಿಂದ ಕೆನಡಾದ ವ್ಯಾಂಕೂವರಿನಿಂದ ಇನ್ನೊಂದು ದೋಣಿ ತಂದು ಗಾರ್ಡಿಯನ್ ಎಂದು ಹೆಸರಿಟ್ಟರು. ಸೇಂಟ್ ಫ್ರಾನ್ಸಿಸ್ ಎಂಬ ಮೂರನೆಯದು 2016ರಲ್ಲಿ ಬಂತು. ನನ್ನ ಆ ಪರಿಚಿತರು ಈಗ ಮರೀನಾದಲ್ಲಿಯೇ ಬಾಡಿಗೆಗೆ ಇದ್ದಾರೆ, ಈ ಪ್ರಶ್ನೆಯನ್ನು ಮತ್ತೆ ಕೇಳಿಲ್ಲ.

ನೆಲದ ಮೇಲಿನ ಠಾಣೆಗಳಲ್ಲಿ, ವೆಸ್ಟರ್ನ್ ಅಡಿಷನ್ ಬಡಾವಣೆಯ ಟರ್ಕ್ ಸ್ಟ್ರೀಟ್‌ನಲ್ಲಿರುವ 5ನೇ ನಂಬರಿನ ಠಾಣೆ ಮತ್ತು ಗ್ರೀನಿಚ್ ಸ್ಟ್ರೀಟ್‌ನ 16ನೇ ನಂಬರಿನ ಠಾಣೆಗಳನ್ನು ಹಳೆಯದನ್ನು ಕೆಡವಿ ಅದೇ ನಿವೇಶನದಲ್ಲಿ ಹೊಸದಾಗಿ ಕಟ್ಟಿದ್ದಾರೆ. ಎರಡೂ 2019ರ ಹೊತ್ತಿಗೆ ಬಳಕೆಗೆ ಬಂದವು. ಅಕ್ಕಪಕ್ಕದ ಮನೆಗಳ ನಡುವೆ ಹೊಂದಿಕೊಂಡು ನಿಂತ, ಬೆಳಕು ಧಾರಾಳವಾಗಿರುವ ಅಚ್ಚುಕಟ್ಟಾದ ಕಟ್ಟಡಗಳವು. ಆದರೆ ಲೆಕ್ಕ ಹಾಕಿ ನೋಡಿ: ಮೊದಲ ಬಾಂಡಿಗೆ ಊರು ಮತ ಹಾಕಿದ್ದು 2010ರಲ್ಲಿ. ಮತಕ್ಕೂ ಬಾಗಿಲು ತೆರೆಯುವುದಕ್ಕೂ ನಡುವೆ ಒಂಬತ್ತು ವರ್ಷ. ಅದೇ ಜಾಗದಲ್ಲಿ ಕಟ್ಟುವಾಗ ಆ ಠಾಣೆಯ ಸಿಬ್ಬಂದಿ ಬೇರೆ ಠಾಣೆಗಳಿಂದ ಕೆಲಸ ಮಾಡಬೇಕಾಗುತ್ತದೆ, ಆದ್ದರಿಂದ ಎಲ್ಲವನ್ನೂ ಒಟ್ಟಿಗೆ ಕೆಡವುವಂತಿಲ್ಲ, ಸರತಿಯಂತೆ ಸಾಗಬೇಕು. ಇದು ನನಗೆ ಅರ್ಥವಾಗುತ್ತದೆ. ಸರತಿಯ ಪಟ್ಟಿಯನ್ನು ಮತ ಕೇಳುವ ಮೊದಲೇ ಏಕೆ ಒಪ್ಪಂದದ ಭಾಗವಾಗಿ ಕೊಡಬಾರದು ಎಂಬುದು ಮಾತ್ರ ಅರ್ಥವಾಗುವುದಿಲ್ಲ.

ಹೀಗೆ ಮಾಡುವುದು ಸಾಧ್ಯವೇ ಇಲ್ಲ ಎನ್ನುವವರಿಗೆ ಕೊಲ್ಲಿಯ ಆಚೆ ದಡದ ಫ್ರೀಮಾಂಟ್ ನಗರವನ್ನು ತೋರಿಸಬಹುದು. ಕನ್ನಡಿಗರು ಬಹಳ ಸಂಖ್ಯೆಯಲ್ಲಿ ನೆಲೆಸಿರುವ ಆ ಊರಿನಲ್ಲಿ 2002ರಲ್ಲಿಯೇ ಅಗ್ನಿ ಸುರಕ್ಷತೆಗೆಂದೇ ಮೀಸಲಾದ 5 ಕೋಟಿ 10 ಲಕ್ಷ ಡಾಲರ್‌ಗಳ ಬಾಂಡಿಗೆ ಮತ ಕೇಳಿದರು. ಇಕ್ಕಟ್ಟಾದ ಮೂರು ಠಾಣೆಗಳ ಬದಲಿಗೆ ಹೊಸವು, ಏಳು ಠಾಣೆಗಳ ದುರಸ್ತಿ ಮತ್ತು ಭೂಕಂಪ ಬಲವರ್ಧನೆ, ಒಂದು ತರಬೇತಿ ಕೇಂದ್ರ ಎಂದು ಎಣಿಸಿ ಹೇಳಿದರು. ಮತದಾರರು ಒಪ್ಪಿದರು. ಇದಕ್ಕೆ ವಿರುದ್ಧ ತುದಿಯಲ್ಲಿ ಸ್ಯಾನ್ ಹೋಸೆ ನಗರದ 2018ರ 65 ಕೋಟಿ ಡಾಲರ್‌ಗಳ ಬಾಂಡ್ ಇದೆ. ವಿಪತ್ತು ಸಿದ್ಧತೆಯ ಹೆಸರಿನ ಅದರಲ್ಲಿ ಅಗ್ನಿಶಾಮಕ ಠಾಣೆಗಳೂ ಇದ್ದವು, ಆದರೆ 30 ಕೋಟಿ ರಸ್ತೆ ದುರಸ್ತಿಗೆ ಮೀಸಲಾಗಿತ್ತು. ಮೂರನೇ ಎರಡು ಪಾಲು ಮತ ಬೇಕೆಂಬ ನಿಯಮವೇ ನಗರಗಳನ್ನು ಹೀಗೆ ಎಲ್ಲರಿಗೂ ಬೇಕಾದ ಹತ್ತು ವಸ್ತುಗಳನ್ನು ಒಂದೇ ಗಂಟಿನಲ್ಲಿ ಕಟ್ಟಲು ತಳ್ಳುತ್ತದೆ ಎಂದು ನಾನು ಭಾವಿಸುತ್ತೇನೆ. ಒಂದು ಬಡಾವಣೆಯ ಠಾಣೆಯ ಹೆಸರು ಬರೆದರೆ ಉಳಿದ ಬಡಾವಣೆಗಳ ಮತ ತಪ್ಪೀತು ಎಂಬ ಅಂಜಿಕೆ ಅವರಿಗೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೂರೂ ಬಾರಿ ಬಂದ ಫಲಿತಾಂಶ ನೋಡಿದರೆ ಆ ಅಂಜಿಕೆಗೆ ಆಧಾರವಿಲ್ಲ.

ಬೆಲೆಯ ವಿಷಯ. ಹಳೆಯ ಸಾಲ ತೀರಿದಂತೆ ಮಾತ್ರ ಹೊಸ ಸಾಲ ಎತ್ತಬೇಕು, ಬಾಂಡ್‌ಗಳಿಂದಾಗುವ ತೆರಿಗೆ ದರ 2006ರ ಮಟ್ಟ ಮೀರಬಾರದು ಎಂಬ ನೀತಿಯನ್ನು ನಗರ ಪಾಲಿಸಿಕೊಂಡು ಬಂದಿದೆ. ಇದು ಮೆಚ್ಚತಕ್ಕ ಶಿಸ್ತು. ಆದರೆ ಬಾಡಿಗೆದಾರರು ಒಂದು ಸಂಗತಿ ತಿಳಿದಿರಬೇಕು. ಬಾಡಿಗೆ ನಿಯಂತ್ರಣವಿರುವ ಮನೆಗಳಲ್ಲಿ, 2002ರ ನವೆಂಬರ್ ಮಧ್ಯದ ನಂತರ ಮತದಾರರು ಒಪ್ಪಿದ ಬಾಂಡ್‌ಗಳಿಂದ ಏರುವ ಆಸ್ತಿ ತೆರಿಗೆಯ ಅರ್ಧ ಪಾಲನ್ನು ಮಾಲೀಕರು ಬಾಡಿಗೆದಾರರ ಮೇಲೆ ಹಾಕಬಹುದು. ನನಗೂ ಒಂದು ವರ್ಷ ನಮ್ಮ ಕಟ್ಟಡ ನೋಡಿಕೊಳ್ಳುವ ಸಂಸ್ಥೆಯಿಂದ ಒಂದು ಹಾಳೆಯ ನೋಟಿಸು ಬಂತು. ಮೊತ್ತ ತಿಂಗಳಿಗೆ ಕೆಲವೇ ಡಾಲರ್. ಆದರೆ ನಾನು ಆ ಮನೆಗೆ ಬರುವುದಕ್ಕೂ ಮೊದಲಿನ ತೆರಿಗೆ ವರ್ಷವೊಂದನ್ನು ಅದರಲ್ಲಿ ಸೇರಿಸಿದ್ದರು. ಬಾಡಿಗೆ ಒಪ್ಪಂದದ ಪ್ರತಿ ಲಗತ್ತಿಸಿ ಪತ್ರ ಬರೆದ ಮೇಲೆ ಎರಡು ವಾರದಲ್ಲಿ ತಿದ್ದಿ ಕಳುಹಿಸಿದರು. ಇಂಥ ನೋಟಿಸು ಬಂದರೆ ತೆರಿಗೆ ವರ್ಷವನ್ನು ಮೊದಲು ನೋಡಿ ಎಂದು ಎಲ್ಲರಿಗೂ ಹೇಳಬಯಸುತ್ತೇನೆ. ತೀರ ಕಷ್ಟದಲ್ಲಿರುವವರು ನಗರದ ಬಾಡಿಗೆ ಮಂಡಳಿಗೆ ಅರ್ಜಿ ಕೊಟ್ಟು ವಿನಾಯಿತಿ ಕೇಳಬಹುದು.

ಈ ಹೊರೆಯನ್ನು ವೀಸಾದ ಮೇಲೆ ಇಲ್ಲಿ ದುಡಿಯುವ ನಮ್ಮವರೂ ಹೊರುತ್ತಾರೆ, ಅವರಿಗೆ ಈ ಮತದ ಹಕ್ಕಿಲ್ಲ. ನಾನು ಮೊದಲ ಎರಡು ಬಾಂಡ್‌ಗಳಿಗೆ ಹೀಗೆಯೇ ತೆತ್ತೆ. ಅದರ ಬಗ್ಗೆ ನನಗೆ ಬೇಸರವಿಲ್ಲ, ಏಕೆಂದರೆ ಕರೆಗೆ ಬರುವ ಇಂಜಿನ್ ಪೌರತ್ವ ಕೇಳುವುದಿಲ್ಲ. ನಮ್ಮ ಕಟ್ಟಡದ ಕೆಳಮಹಡಿಯ ವೃದ್ಧೆಯೊಬ್ಬರು ಬಚ್ಚಲಿನಲ್ಲಿ ಬಿದ್ದಾಗ ಮೊದಲು ಬಂದದ್ದು ಆಂಬುಲೆನ್ಸ್ ಅಲ್ಲ, ಫೈರ್ ಇಂಜಿನ್. ಅದರಿಂದ ಇಳಿದವರಲ್ಲಿ ಒಬ್ಬರು ವೈದ್ಯಕೀಯ ತರಬೇತಿ ಪಡೆದವರಾಗಿದ್ದರು, ನೆಲದ ಮೇಲೆ ಅವರ ಪಕ್ಕದಲ್ಲೇ ಕುಳಿತು ಕೈ ಹಿಡಿದು ಮಾತನಾಡಿಸುತ್ತಲೇ ನಾಡಿ ನೋಡಿದರು. ಈ ಊರಿನ ಅಗ್ನಿಶಾಮಕ ದಳಕ್ಕೆ ಬರುವ ಕರೆಗಳಲ್ಲಿ ಹೆಚ್ಚಿನವು ಬೆಂಕಿಯವಲ್ಲ, ಇಂಥವೇ. ಠಾಣೆ ಹತ್ತಿರವಿರಬೇಕು, ಅದರ ಬಾಗಿಲು ತೆರೆಯಬೇಕು ಎಂಬುದು ಎಲ್ಲ ದಿನಗಳ ಅಗತ್ಯ.

ಕರ್ನಾಟಕದಿಂದ ಓದುತ್ತಿರುವವರಿಗೆ ಈ ಪದ್ಧತಿ ಅಪರಿಚಿತವೆನಿಸಬಹುದು. ನಮ್ಮಲ್ಲಿ ಅಗ್ನಿಶಾಮಕ ಮತ್ತು ತುರ್ತು ಸೇವೆಗಳು ರಾಜ್ಯ ಸರ್ಕಾರದ ಇಲಾಖೆ, ಠಾಣೆ ಬೇಕಾದರೆ ಊರಿನವರು ಶಾಸಕರಿಗೆ ಮನವಿ ಕೊಟ್ಟು ಬಜೆಟ್ಟಿನ ದಾರಿ ಕಾಯುತ್ತಾರೆ. ನನ್ನ ಹುಟ್ಟೂರಿನ ತಾಲ್ಲೂಕು ಕೇಂದ್ರದಲ್ಲಿ ಹುಲ್ಲಿನ ಬಣವೆಗೆ ಬೆಂಕಿ ಬಿದ್ದರೆ ಪಕ್ಕದ ತಾಲ್ಲೂಕಿನಿಂದ ವಾಹನ ಬರುವ ಹೊತ್ತಿಗೆ ಬೂದಿಯೇ ಉಳಿಯುತ್ತಿದ್ದುದು ನನಗೆ ನೆನಪಿದೆ. ಅಲ್ಲಿಯ ಮನವಿಪತ್ರದಲ್ಲಿ ಒಂದು ಒಳ್ಳೆಯ ಗುಣವಿತ್ತು: ಯಾವ ಊರಿಗೆ ಠಾಣೆ ಬೇಕೆಂಬುದನ್ನು ಮೊದಲ ಸಾಲಿನಲ್ಲಿಯೇ ಬರೆದಿರುತ್ತಿದ್ದರು.

ಹಣ ಹೇಗೆ ಖರ್ಚಾಯಿತೆಂದು ನೋಡಲು ಇಲ್ಲಿ ನಾಗರಿಕರ ಮೇಲ್ವಿಚಾರಣಾ ಸಮಿತಿಯೊಂದಿದೆ, ಅದನ್ನೂ 2002ರಲ್ಲಿ ಮತದಾರರೇ ಮತ ಹಾಕಿ ಸ್ಥಾಪಿಸಿಕೊಂಡರು. ಬಾಂಡ್ ಹಣದ ಸಾವಿರದಲ್ಲೊಂದು ಭಾಗ ಈ ತಪಾಸಣೆಗೆ ಮೀಸಲು. ಸಮಿತಿಯ ಸಭೆಗಳಲ್ಲಿ ಸಾರ್ವಜನಿಕರಿಗೆ ಮಾತನಾಡಲು ಅವಕಾಶವಿದೆ, ವರದಿಗಳನ್ನು ಯಾರು ಬೇಕಾದರೂ ಓದಬಹುದು. ಮುಂದಿನ ಬಾಂಡ್ ಮತಕ್ಕೆ ಬಂದಾಗಲೂ ನಾನು ಹೌದು ಎಂದೇ ಹಾಕುವವನಿದ್ದೇನೆ. ಅದಕ್ಕೂ ಮೊದಲು ಆ ಸಮಿತಿಯ ಸಭೆಗೆ ಹೋಗಿ, ನನಗೆ ಸಿಗುವ ಎರಡು ಮೂರು ನಿಮಿಷಗಳಲ್ಲಿ, ಕೆಡವಿ ಕಟ್ಟುವ ಠಾಣೆಗಳ ನಂಬರುಗಳನ್ನು ಸರತಿಯ ಪ್ರಕಾರ ಮಾಹಿತಿ ಪುಸ್ತಿಕೆಯಲ್ಲಿ ಅಚ್ಚು ಹಾಕಿಸುವಂತೆ ನಗರಕ್ಕೆ ಶಿಫಾರಸು ಮಾಡಬೇಕೆಂದು ಕೇಳಲಿದ್ದೇನೆ. ನಮ್ಮ ಬೀದಿಯ ಠಾಣೆಯ ನಂಬರು ಆ ಪಟ್ಟಿಯ ಕೊನೆಯಲ್ಲಿದ್ದರೂ ಸರಿ.